ನಾನೇ ಬೇಡ ಅಂದೆನಂತೆ

ವೆನಿಶಾಳ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ ನಾನು ಯಾಕೆ ಹೋಗಲಿಲ್ಲ ಎಂಬುದಕ್ಕೆ ನಮ್ಮ ಗೆಳೆಯರ ನಡುವೆ ಒಂದು ಕಥೆ ಓಡಾಡುತ್ತಿದೆ. ನಾನೇ ಬೇಡ ಅಂದೆನಂತೆ. ಸಂಜೆಯ ಹೊತ್ತು, ಜನರ ಗದ್ದಲ, ಒದ್ದೆ ಅಂಗಳ. 'ನನ್ನಿಂದ ನಿಮಗೆಲ್ಲ ತೊಂದರೆ ಬೇಡ' ಎಂದು ನಾನೇ ಅರ್ಥ ಮಾಡಿಕೊಂಡು ಹಿಂದೆ ಸರಿದೆನಂತೆ. ಎಷ್ಟು ತಿಳಿವಳಿಕೆಯ ಹುಡುಗಿ, ಅಲ್ಲವೇ?

ಕಥೆ ಚೆನ್ನಾಗಿದೆ. ನನ್ನದು ಒಂದೇ ಆಕ್ಷೇಪ. ನನ್ನನ್ನು ಯಾರೂ ಕೇಳಲೇ ಇಲ್ಲ.

ವೆನಿಶಾ ಯಾರೆಂದು ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗೆ ಹೇಳುತ್ತೇನೆ: ಅವಳು ಬೋಳಾರದ ಹುಡುಗಿ, ಕಾಲೇಜಿನಲ್ಲಿ ನನ್ನ ಡಿಬೇಟ್ ಜೋಡಿ. ನಮ್ಮ ಕಡೆಯ ಚರ್ಚಾಸ್ಪರ್ಧೆಗಳಲ್ಲಿ ತಂಡ ಎಂದರೆ ಇಬ್ಬರು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಅಂದರೆ ಶೀಲ್ಡ್ ಮನೆಗೆ ಬರಬೇಕಾದರೆ ನಿಮ್ಮ ಗೆಳತಿಯ ವಾದವನ್ನು ನೀವೇ ವೇದಿಕೆಯ ಮೇಲೆ ಚಿಂದಿ ಮಾಡಬೇಕು. ವೆನಿಶಾ ಮಾಡುತ್ತಿದ್ದಳು. ಎಂಥಾ ಚಿಂದಿ! ನಾನು ಪರ ಎಂದರೆ ಅವಳು ವಿರೋಧ, ನಾನು ವಿರೋಧ ಎಂದರೆ ಅವಳು ಪರ. ಕ್ಯಾಂಟೀನಿನ ಬನ್ಸ್ ಬಗ್ಗೆಯೂ ಹಾಗೆಯೇ.

ಒಮ್ಮೆ ಮೈಕಿನ ವಯರಿಗೆ ಕಾಲು ಸಿಕ್ಕಿ ನಾನು ವೇದಿಕೆಯಲ್ಲಿ ಮುಗ್ಗರಿಸಿದ್ದೆ. ಬಹುಮಾನ ಕೊಡುವಾಗ ತೀರ್ಪುಗಾರರೊಬ್ಬರು, "ಕಣ್ಣಿನ ತೊಂದರೆ ಇದ್ದೂ ಈ ಹುಡುಗಿ ಇಷ್ಟು ಚೆನ್ನಾಗಿ..." ಎಂದು ಶುರು ಮಾಡಿದರು. ಪಕ್ಕದಲ್ಲಿದ್ದ ವೆನಿಶಾ ಕೈ ಎತ್ತಿದಳು. "ಸರ್, ನೀವು ಅವಳಿಗೆ ಮಾರ್ಕ್ ಕೊಟ್ಟದ್ದು ಪಾಯಿಂಟಿಗಾ, ಕಣ್ಣಿಗಾ? ಕಣ್ಣಿಗೆ ಆದರೆ ಫಸ್ಟ್ ಪ್ರೈಜ್ ನನಗೆ ಕೊಡಿ."

ಆ ಹುಡುಗಿಯ ಬಗ್ಗೆ ನಾನು ಮಾತಾಡುತ್ತಿದ್ದೇನೆ.

ಇನ್ನು ನನ್ನ ಕಣ್ಣಿನ ವಿಷಯ. ನಾನು ಜಗತ್ತನ್ನು ನೋಡುವುದು ಒಂದು ಪೈಪಿನೊಳಗಿಂದ ನೋಡಿದ ಹಾಗೆ. ನೇರ ಎದುರಿಗೆ ಇರುವ ಸಣ್ಣ ಅಕ್ಷರವೂ ಕಾಣುತ್ತದೆ. ಮೊಣಕಾಲಿನ ಹತ್ತಿರದ ಸ್ಟೂಲ್ ಕಾಣುವುದಿಲ್ಲ. ಬೆಳಕು ಕಡಿಮೆಯಾದರೆ ಪೈಪಿನ ಬಾಯಿಗೆ ಯಾರೋ ಬಟ್ಟೆ ಹಿಡಿದಂತೆ. ವರ್ಷದಿಂದ ವರ್ಷಕ್ಕೆ ಪೈಪು ಸಪೂರ ಆಗುತ್ತಿದೆ. ಕಳೆದ ವರ್ಷ ಬಿಳಿ ಕೋಲು ಹಿಡಿಯಲು ಶುರು ಮಾಡಿದೆ.

ಇದು ಜನರಿಗೆ ಅರ್ಥವಾಗುವುದಿಲ್ಲ. ಅವರ ಪ್ರಕಾರ ಕಣ್ಣು ಎಂದರೆ ಲೈಟಿನ ಸ್ವಿಚ್. ಒಂದೋ ಆನ್, ಇಲ್ಲವೇ ಆಫ್. ನಾನು ಕೊಟ್ಟಾರದಲ್ಲಿ ಕೋಲು ಹಿಡಿದು ಬಸ್ ಹತ್ತುತ್ತೇನೆ, ಸೀಟು ಸಿಗುತ್ತದೆ, ಮೊಬೈಲ್ ತೆಗೆದು ಮೆಸೇಜ್ ಓದುತ್ತೇನೆ. ಅಷ್ಟಕ್ಕೇ ಬಸ್ಸಿನಲ್ಲಿ ಗುಸುಗುಸು.

"ನಿಮಗೆ ಕಾಣ್ತದಲ್ಲ!" ಮೊನ್ನೆ ಎದುರು ಸೀಟಿನ ಹಿರಿಯರು ಕಳ್ಳನನ್ನು ಹಿಡಿದ ಧ್ವನಿಯಲ್ಲಿ ಹೇಳಿದರು.

"ಕಾಣ್ತದೆ."

"ಮತ್ತೆ ಈ ಕೋಲು ಎಂತಕ್ಕೆ?"

"ನಿಮ್ಮ ಕಾಲು ಕಾಣುವುದಿಲ್ಲ, ಅದಕ್ಕೆ."

ಅವರು ಕಾಲು ಒಳಗೆ ಎಳೆದುಕೊಂಡರು. (ಇಂಥ ಗೆಲುವುಗಳಿಗೆ ಯಾರೂ ಶೀಲ್ಡ್ ಕೊಡುವುದಿಲ್ಲ.)

ಅಪರಿಚಿತರ ಬಗ್ಗೆ ನನಗೆ ದೂರಿಲ್ಲ. ಅವರಿಗೆ ಉತ್ತರ ಕೊಡಬಹುದು. ಬಸ್ ಇಳಿದ ಮೇಲೆ ಮರೆಯಬಹುದು. ಕಷ್ಟ ಇರುವುದು ಪರಿಚಿತರ ಜೊತೆ. ಕೋಲು ಕೈಗೆ ಬಂದದ್ದೇ ನನ್ನ ಸುತ್ತಲಿನ ಧ್ವನಿಗಳು ಮೆತ್ತಗಾದವು. ಬೈಯುತ್ತಿದ್ದವರು ಬೈಯುವುದು ಬಿಟ್ಟರು. ನನ್ನ ಜೋಕಿಗೆ ಬೇಗ ನಗತೊಡಗಿದರು. ಕಣ್ಣು ನಿನ್ನೆಯದೇ ಸ್ವಾಮಿ, ಕೋಲು ಮಾತ್ರ ಹೊಸದು! ಯಾರಿಗೆ ಹೇಳುವುದು?

ಈಗ ರೋಸ್. ನಮ್ಮೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆಗೆ ಮೊದಲು ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಹಿರಿಯರು ಹಣೆಗೆ ಶಿಲುಬೆ ಬರೆದು, ತಲೆಗೆ ಹಾಲು ಸವರಿ ಆಶೀರ್ವಾದ ಮಾಡುತ್ತಾರೆ. ಆಮೇಲೆ ಗೆಳೆಯರ ಸರದಿ. ಆಗ ಆಶೀರ್ವಾದದ ಜೊತೆ ಮೊಟ್ಟೆ, ಟೊಮೆಟೊ, ಕೈಗೆ ಸಿಕ್ಕಿದ್ದೆಲ್ಲ ತಲೆಗೆ ಬೀಳುತ್ತದೆ. ಮದುವೆಗೆ ಊರೆಲ್ಲ ಬರುತ್ತದೆ. ರೋಸಿಗೆ ಬರುವವರು ಮಾತ್ರ ನಿಮ್ಮವರು.

ಕಾಲೇಜಿನ ದಿನಗಳಿಂದ ವೆನಿಶಾಳ ತಲೆಯ ಮೇಲಿನ ಮೊದಲ ಮೊಟ್ಟೆ ನನ್ನದು ಎಂದು ಮಾತಾಗಿತ್ತು. ಅವಳ ಮದುವೆ ನಿಶ್ಚಯವಾದಾಗ ನಾನು ಹಳೆಯ ಚೂಡಿದಾರವೊಂದನ್ನು ತೆಗೆದು ಕುರ್ಚಿಯ ಮೇಲಿಟ್ಟೆ. ರೋಸಿಗೆ ಗೆಳೆಯರ ಗುಂಪಿನವರು ಒಳ್ಳೆಯ ಬಟ್ಟೆ ಹಾಕುವುದಿಲ್ಲ, ಅದು ಮತ್ತೆ ಉಡುವ ಸ್ಥಿತಿಯಲ್ಲಿ ಮನೆಗೆ ಬರುವುದಿಲ್ಲ.

ವೆನಿಶಾ ಮದುವೆಗೆ ಕರೆದಳು. ರಿಸೆಪ್ಶನ್ನಿಗೆ ಕರೆದಳು. ಕಾರು ಕಳಿಸುತ್ತೇನೆ ಎಂದಳು. ರೋಸಿನ ಮಾತು ಬರಲಿಲ್ಲ. ಮನೆಯವರಷ್ಟೇ ಮಾಡುತ್ತಿರಬೇಕು ಅಂದುಕೊಂಡೆ. ಮದುವೆಯ ಹಿಂದಿನ ಸಂಜೆ ವಾಟ್ಸ್ಯಾಪಿನಲ್ಲಿ ಒಂದೊಂದೇ ಸ್ಟೇಟಸ್ ಬಂತು. ನಮ್ಮ ಕ್ಲಾಸಿನ ಪ್ರಜ್ವಲ್, ಹಾಸ್ಟೆಲಿನ ಹುಡುಗಿಯರು, ಜೂನಿಯರ್‌ಗಳು ಕೂಡ. ಎಲ್ಲರ ಕೂದಲಿನಿಂದ ಹಾಲು ಸುರಿಯುತ್ತಿತ್ತು. ಪೈಪಿನೊಳಗಿಂದ ಒಂದೊಂದು ಮುಖವನ್ನೂ ನಿಧಾನವಾಗಿ ನೋಡಿದೆ. (ಗುಂಪಿನ ಫೋಟೋ ನಾನು ಒಮ್ಮೆಗೇ ನೋಡಲಾರೆ. ಒಬ್ಬೊಬ್ಬರನ್ನೇ ಹುಡುಕಬೇಕು. ಆದ್ದರಿಂದ ಯಾರೂ ತಪ್ಪಿಹೋಗುವುದಿಲ್ಲ.)

ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಹೋಗಲಿ ಬಿಡು ಮಗಾ. ಪ್ರೀತಿ ಇದ್ದದ್ದಕ್ಕೇ ಕರೆಯಲಿಲ್ಲ ಅವಳು. ಅಲ್ಲಿ ಜಾರಿ ಬಿದ್ದರೆ?"

ವಿರೋಧದ ವಾದವನ್ನೂ ನ್ಯಾಯವಾಗಿ ಇಡುವುದು ನನ್ನ ಅಭ್ಯಾಸ. ಅಂಗಳ ಜಾರುತ್ತಿತ್ತು, ನಿಜ. ಬೆಳಕು ಕಡಿಮೆ ಇತ್ತು, ನಿಜ. ನಾನು ಬೀಳಬಹುದಿತ್ತು, ಅದೂ ನಿಜ. ಆದರೆ ಒಂದು ಸ್ಟೇಟಸ್ಸಿನಲ್ಲಿ ಪ್ರಜ್ವಲ್ ತೆಂಗಿನ ಹಾಲಿನಲ್ಲಿ ಅಂಗಾತ ಬಿದ್ದಿದ್ದಾನೆ, ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಎರಡು ಒಳ್ಳೆಯ ಕಣ್ಣಿನ ಪ್ರಜ್ವಲ್! ಅವನು ಬಿದ್ದರೆ ಅದು ರೋಸ್. ನಾನು ಬಿದ್ದರೆ ಅದು ಅಪಘಾತ. ಯಾಕೆ?

ರಿಸೆಪ್ಶನ್ನಿಗೆ ಅಣ್ಣನ ಜೊತೆ ಹೋದೆ. ನನಗಾಗಿ ಮುಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ಜಾಗ ಇಟ್ಟಿದ್ದರು. ವೆನಿಶಾಳ ಕಸಿನ್ ಒಬ್ಬ ತಟ್ಟೆ ಹಿಡಿದು ಬಂದು ಅಣ್ಣನನ್ನು ಕೇಳಿದ, "ಇವರು ಚಿಕನ್ ತಿಂತಾರಾ?"

"ಇವರು ಮಾತೂ ಆಡ್ತಾರೆ" ಅಂದೆ.

ಅಣ್ಣ ನಕ್ಕ. ಕಸಿನ್ ಇನ್ನೂ ಜೋರಾಗಿ, ಕಿವಿಯ ಹತ್ತಿರ ಬಗ್ಗಿ, "ಸಾರಿ ಅಕ್ಕಾ! ಚಿಕನ್! ಬೇಕಾ!" ಎಂದ. ಕಣ್ಣು ಮಂದವಾದರೆ ಕಿವಿಯೂ ಜೊತೆಗೇ ಹೋಗುತ್ತದೆ ಎಂದು ಇವರಿಗೆ ಹೇಳಿಕೊಟ್ಟವರು ಯಾರು?

ಆಗ ಪ್ರಜ್ವಲ್ ಬಂದ. "ನಿನ್ನೆ ಭಯಂಕರ ಮಜಾ ಮಾರಾಯ್ತಿ. ನೀನೇ ಬೇಡ ಅಂದೆಯಂತೆ?"

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾ ಇದ್ರು."

ಎಲ್ಲರೂ ಎಂಬುದು ಸಾಕ್ಷಿಯಲ್ಲ. ಡಿಬೇಟಿನ ಮೊದಲ ಪಾಠ. ಮೂಲ ಹುಡುಕಬೇಕು. ಮೂಲ ತಾನಾಗಿಯೇ ನಡೆದು ಬಂತು, ರೇಷ್ಮೆ ಸೀರೆ ಉಟ್ಟುಕೊಂಡು. ವೆನಿಶಾಳ ಅಮ್ಮ, ಲಿಲ್ಲಿ ಆಂಟಿ. ಆಂಟಿಗೆ ಮನೆಯಲ್ಲಿ ಕೊಂಕಣಿ, ನನ್ನ ಜೊತೆ ತುಳು, ಸಿಟ್ಟು ಬಂದರೆ ಕನ್ನಡ. ಅವತ್ತು ಕನ್ನಡ.

"ಎಂತ ದೊಡ್ಡ ಜನ ಆಗಿದ್ದೀ ನೀನು? ನಮ್ಮ ಮನೆಯ ರೋಸ್ ಬೇಡವಾ ನಿನಗೆ?"

"ಆಂಟಿ, ನಾನು..."

"ಸುಮ್ಮನಿರು. ಕತ್ತಲಾದರೆ ನಿನಗೆ ಕಷ್ಟ ಅಂತ ನನಗೆ ಗೊತ್ತಿಲ್ಲವಾ? ಊಟದ ನಂತರ ಬಿಸಿಲು ಇರುವಾಗಲೇ ರೋಸ್ ಇಡುವ ಅಂತ ನಾನೇ ಹೇಳಿದೆ. ವೆನಿಶಾ ಹೇಳಿದಳು, ಅಶ್ವಿಗೆ ಬೇಡವಂತೆ ಮಮ್ಮಿ, ಅವಳು ಬರುವುದಿಲ್ಲ, ಸಂಜೆಗೇ ಇರಲಿ ಅಂತ. ಒಂದು ಫೋನ್ ಮಾಡಲಿಕ್ಕೆ ಆಗಲಿಲ್ಲವಾ ನಿನಗೆ?"

ಆಂಟಿ ನನಗೆ ಬೈದದ್ದು ಎಷ್ಟು ಹಿತವಾಯಿತು ಎಂದರೆ ನಂಬುತ್ತೀರಾ? ಆ ಇಡೀ ಹಾಲ್‌ನಲ್ಲಿ ನನ್ನ ಮೇಲೆ ಸಿಟ್ಟು ಮಾಡಿಕೊಂಡವರು ಅವರೊಬ್ಬರೇ. ನಾನು ನಿಜ ಹೇಳಬಹುದಿತ್ತು. ಮಗಳ ಮದುವೆಯ ದಿನ ತಾಯಿಗೆ ಎಂತ ಹೇಳುವುದು? "ತಪ್ಪಾಯ್ತು ಆಂಟಿ" ಅಂದೆ. ಮಾಡದ ತಪ್ಪು.

ಗಮನಿಸಿ. ಸಮಸ್ಯೆ ಬೆಳಕಿನದ್ದಾಗಿತ್ತು. ಪರಿಹಾರ ಸೂರ್ಯನ ಹತ್ತಿರ ಇತ್ತು, ಆಂಟಿಯ ಹತ್ತಿರವೂ ಇತ್ತು. ನಡುವೆ ಒಬ್ಬಳು ನಿಂತು ನನ್ನ ಪಾಳಿಯ ಉತ್ತರ ತಾನೇ ಹೇಳಿಬಿಟ್ಟಳು.

ವೇದಿಕೆ ಹತ್ತಿದೆ. ನನ್ನ ವಾದ ಸಿದ್ಧವಾಗಿತ್ತು. ವೆನಿಶಾ ಬಿಳಿ ಗೌನಿನಲ್ಲಿ ಓಡಿ ಬಂದು ತಬ್ಬಿಕೊಂಡಳು. "ಊಟ ಆಯ್ತಾ ಅಶ್ವಿ? ಕೂತ ಜಾಗ ಸರಿ ಉಂಟಾ? ಫ್ಯಾನಿನ ಗಾಳಿ ಬರ್ತದಾ?" ಕೇಳಬೇಕಾಗಿದ್ದ ಒಂದು ಪ್ರಶ್ನೆ ಬಿಟ್ಟು ಉಳಿದದ್ದೆಲ್ಲ ಕೇಳಿದಳು. ಅವಳ ಕೂದಲಿನಲ್ಲಿ ಶ್ಯಾಂಪೂವಿನ ಅಡಿಯಿಂದ ಇನ್ನೂ ತೆಂಗಿನ ಹಾಲಿನ ವಾಸನೆ ಬರುತ್ತಿತ್ತು.

ಫೋಟೋಗ್ರಾಫರ್ ಅಣ್ಣನಿಗೆ ಹೇಳಿದ, "ಅವರಿಗೆ ಈ ಕಡೆ ನೋಡ್ಲಿಕ್ಕೆ ಹೇಳಿ ಸರ್."

ನೋಡಿದೆ. ನಕ್ಕೆ. ಇಳಿದೆ.

ವಾದಕ್ಕೆ ಇಬ್ಬರು ಬೇಕು. ಕಾಳಜಿಗೆ ಹಾಗಲ್ಲ, ಒಬ್ಬರೇ ಸಾಕು, ಇನ್ನೊಬ್ಬರು ಸುಮ್ಮನೆ ಕೂತಿದ್ದರೆ ಆಯಿತು, ಫ್ಯಾನಿನ ಕೆಳಗೆ. ಒಂಟಿತನ ಎಂದರೆ ಸುತ್ತ ಯಾರೂ ಇಲ್ಲದಿರುವುದು ಎಂದು ನಾನು ಬಹಳ ಕಾಲ ನಂಬಿದ್ದೆ. ಆ ದಿನ ತುಂಬಿದ ಹಾಲ್‌ನಲ್ಲಿ, ಬೇಡವೆಂದರೂ ತಟ್ಟೆಗೆ ಬೀಳುತ್ತಿದ್ದ ಹಂದಿಮಾಂಸದ ಸೋರ್ಪೋತೆಲ್ ಎದುರಿಗೆ, ಆ ನಂಬಿಕೆ ಬಿಟ್ಟೆ.

ವೆನಿಶಾ ಗಂಡನ ಜೊತೆ ದೋಹಾಕ್ಕೆ ಹೋಗಿದ್ದಾಳೆ. ಚೂಡಿದಾರ ಇನ್ನೂ ಕುರ್ಚಿಯ ಮೇಲಿದೆ. ಒಗೆಯಲಿಕ್ಕೆ ಅದು ಕೊಳೆಯಾಗಿಲ್ಲ, ಕಪಾಟಿನಲ್ಲಿಡಲು ಮನಸ್ಸಾಗುವುದಿಲ್ಲ.

ಈ ಅಂಕಣವನ್ನು ಅವಳು ಅಲ್ಲಿಯೂ ಓದುತ್ತಾಳೆ, ಗೊತ್ತು. ಮೊದಲೆಲ್ಲ ಪ್ರತಿ ವಾರ ಓದಿ ಮುಗಿಸಿದ ಕೂಡಲೇ ಒಂದು ಮೆಸೇಜ್ ಬರುತ್ತಿತ್ತು. 'ಮೂರನೇ ಪ್ಯಾರಾ ಶುದ್ಧ ಬಂಡಲ್. ಆಧಾರ ಎಲ್ಲಿ?' ನನಗೆ ಸಿಟ್ಟು ಬಂದು ಉತ್ತರ ಬರೆಯುತ್ತಿದ್ದೆ, ಅವಳು ಮತ್ತೆ ಬರೆಯುತ್ತಿದ್ದಳು, ಸಂಜೆಯ ತನಕ ಜಗಳ. ಈಗ ಒಂದು ವರ್ಷದಿಂದ ಬರುವುದು ಒಂದೇ ಪದ, 'ಸೂಪರ್'. ಪಕ್ಕದಲ್ಲಿ ಒಂದು ಕೆಂಪು ಹೃದಯ.

ಈ ವಾರ ಹೃದಯ ಬೇಡ. ಒಂದು ಉತ್ತರ ಬೇಕು.

ವೆನಿಶಾ, ನನ್ನ ವಿರುದ್ಧ ಮಾತಾಡುವುದನ್ನು ನೀನು ಯಾವತ್ತು ನಿಲ್ಲಿಸಿದೆ?