ಪಚ್ಚೆ ಆಮೆ

ಬಸ್ ನಿಲ್ದಾಣದ ಎದುರು ಫೋನ್ ರಿಪೇರಿ ಮಾಡುವವನಿಗೆ ಬೀದಿಯವರು ಇಟ್ಟ ಹೆಸರು ಸಾಚಾ. ಬಿಚ್ಚಿ ತೆಗೆದ ಹಳೇ ಬ್ಯಾಟರಿಯನ್ನೂ ಪೊಟ್ಟಣ ಕಟ್ಟಿ ಗಿರಾಕಿಯ ಕೈಗಿಡುವವನಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ? ಆ ಹೆಸರು ಒಂದಿಷ್ಟು ತಲೆಗೇರಿತ್ತು ಎನ್ನುವುದೂ ಸುಳ್ಳಲ್ಲ.

ಅವನಿಗೊಂದು ಚಾಳಿ. ಹೊಸ ಗಾಜು ಕೂರಿಸಿದ ಮೇಲೆ ಬೆರಳು ಎಲ್ಲ ಕಡೆ ಸರಿಯಾಗಿ ಓಡುತ್ತದೋ ನೋಡಲು, ಗಿರಾಕಿಯ ಫೋನಿನಲ್ಲಿರುವ ಆಟವನ್ನೇ ಒಂದು ಕೈ ಆಡಿಬಿಡುವುದು. ಗಾಜು ಒಡೆಯಿತೆಂದು ಬೀದಿಯ ಟೀಚರಮ್ಮ ಕೊಟ್ಟುಹೋದ ಫೋನಿನಲ್ಲೂ ಹಾಗೇ ಮಾಡಿದ. ಗುಹೆಗಳ ಆಟ, ನಿಧಿಪೆಟ್ಟಿಗೆಯಲ್ಲಿ ಒಂದೇ ಒಂದು ಪಚ್ಚೆ ಆಮೆ ಮಿನುಗುತ್ತಿತ್ತು. ಗಾಜಿನ ಮೂಲೆ ಪರೀಕ್ಷಿಸಲು ಅಲ್ಲಿದ್ದ ಗುಂಡಿ ಒತ್ತಿದ. ಅದು ಮಾರುವ ಗುಂಡಿ. ಆಮೆ ಹೋಯಿತು, ಬದಲಿಗೆ ಆಟದ ನಾಣ್ಯ ಉದುರಿತು. ಅಯ್ಯೋ, ಆಟದ ಆಮೆ ತಾನೆ ಎಂದುಕೊಂಡು ಫೋನ್ ಒರೆಸಿ, ಸಂಜೆ ಬಂದ ಟೀಚರಮ್ಮನ ಕೈಗಿಟ್ಟ.

ಮರುದಿನವೇ ಅವರು ಮತ್ತೆ ಬಂದರು. ಮೂವತ್ತು ವರ್ಷ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸಿದವರು. ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಬೆರಳಿಗೆ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದಕ್ಕೇ ಈ ಆಟ. ಬೆರಳು ಎತ್ತದೆ ಸುರಂಗದ ಅಂಕುಡೊಂಕು ದಾರಿಯುದ್ದಕ್ಕೂ ಎಳೆದರೆ ಮಾತ್ರ ಆಮೆ ಸಿಗುವುದು. ಅದಕ್ಕೆ ಅವರಿಗೆ ನಾಲ್ಕು ತಿಂಗಳು ಹಿಡಿದಿತ್ತಂತೆ. ಈಗ ಆಮೆ ಕಾಣಿಸುತ್ತಿಲ್ಲ, ನೀನೇನಾದರೂ ಮುಟ್ಟಿದೆಯಾ ಎಂದು ಮೆಲ್ಲಗೆ ಕೇಳಿದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಕಿವಿಗೊಟ್ಟು ನಿಂತಿದ್ದರು.

“ನಾನ್ಯಾಕೆ ಮುಟ್ಲಿ ಟೀಚರಮ್ಮ? ನಿಮ್ಮ ಬೆರಳೇ ಎಲ್ಲೋ ತಾಗಿರ್ಬೇಕು,” ಎಂದುಬಿಟ್ಟ, ತಲೆಯೆತ್ತದೆ.

ಇರಬಹುದಪ್ಪ ಎಂದರು ಅವರು. ಅನುಮಾನಪಟ್ಟಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದೂ ಹೇಳಿ ಹೋದರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಆ ವಾರವೆಲ್ಲ ಯಾರು ಸಾಚಾ ಎಂದು ಕರೆದರೂ ಅವನಿಗೆ ಅಣಕಿಸಿದಂತಾಗುತ್ತಿತ್ತು. ನಾಳೆ ಹೋಗಿ ಹೇಳಿಬಿಡುತ್ತೇನೆ ಎಂದು ದಿನಾ ಅಂದುಕೊಂಡ. ಹೋಗಲಿಲ್ಲ. ಅವರೇ ಬಂದರು. ಆ ಆಟವನ್ನು ತೆಗೆದುಹಾಕು ಎಂದರು. ಈ ಕೈ ಇನ್ನು ನಂಬುವ ಹಾಗಿಲ್ಲ, ಸಿಕ್ಕಿದ್ದನ್ನೇ ಚೆಲ್ಲಿಕೊಳ್ಳುವ ಕೈಗೆ ವ್ಯಾಯಾಮ ಯಾಕೆ ಎಂದು ಅದನ್ನೂ ಬಿಟ್ಟಿದ್ದರು. ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು, ಎಡಗೈಯಲ್ಲಿ ಫೋನ್ ಚಾಚಿದರು.

ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಅಂಗಡಿ ತುಂಬ ಜನ. ಇರಲಿ ಎಂದುಕೊಂಡ.

“ನಿಮ್ಮ ಕೈಯಲ್ಲ ಟೀಚರಮ್ಮ. ಮಾರಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ.”

ಉಗಿಸಿಕೊಳ್ಳಲು ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ. ಬಲಗೈಯನ್ನು ಸೆರಗಿನಿಂದ ಹೊರತೆಗೆದು ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕಣ್ಣು ತುಂಬಿಕೊಂಡಿತ್ತು.

“ಹಾಗಾದ್ರೆ ನನ್ನ ಕೈ ಸರಿಯಾಗೇ ಇದೆ, ಅಲ್ವಾ?” ಎಂದು ಅವನನ್ನೇ ಕೇಳಿದರು.

ಅವನು ಆಟ ತೆರೆದು, ಫೋನನ್ನು ಆ ಬಲಗೈಯ ಮುಂದೆ ಸರಿಸಿದ.