ಬೀಜಕ್ಕೆ ಬಿಟ್ಟ ಹೂವು

ದೇವರಿಗೆ ಸ್ವಂತ ಮನೆಯ ಹೂವಿಗಿಂತ ಪಕ್ಕದ ಮನೆಯ ಹೂವೇ ಹೆಚ್ಚು ಇಷ್ಟ ಎಂಬುದು ನನಗೆ ತಿಳಿದದ್ದು ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ, ಜಯನಗರದಲ್ಲಿ ಮನೆ ಕಟ್ಟಿಸಿದ ಮೇಲೆ. ಆಗಿನ್ನೂ ಅರ್ಧಕ್ಕರ್ಧ ಸೈಟುಗಳು ಖಾಲಿ; ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬುಟ್ಟಿ ಹಿಡಿದ ಹಿರಿಯರು ಮಾತ್ರ ಬೆಳಗಾಗುತ್ತಲೇ ತಪ್ಪದೆ ಬರುತ್ತಿದ್ದರು. ಕಾಂಪೌಂಡಿನಾಚೆಯಿಂದ ಕೈಗೆಟುಕಿದ್ದೆಲ್ಲ ದೇವರದು, ಕೇಳುವ ಹಾಗಿಲ್ಲ. ಎದುರು ಮನೆಯ ಶಾಮಣ್ಣನವರು, ರಿಟೈರಾದ ಹೆಡ್‌ಮಾಸ್ಟರು, ಈ ಪಂಗಡದ ಮುಖಂಡರು.

ನನ್ನ ಹೆಂಡತಿ ಪದ್ಮ ಬೆಳೆದದ್ದು ಊಟಿಯಲ್ಲಿ. ಅಲ್ಲಿ ಹುಲ್ಲಿನ ಇಳಿಜಾರುಗಳಲ್ಲಿ ತಾವಾಗಿಯೇ ಅರಳುವ ನೀಲಿ ಗಂಟೆಹೂವಿನ ಬೀಜವನ್ನು ತಂದೆಯ ಹಳೆಯ ನಶ್ಯದ ಡಬ್ಬಿಯಲ್ಲಿ ತಂದಿದ್ದಳು. ಬೀಜವೂ ನಶ್ಯದಷ್ಟೇ ಸಣ್ಣದು. ಒಮ್ಮೆ ಸೀನಿದರೆ ಇಡೀ ಬೆಟ್ಟವೇ ಹಾರಿಹೋದೀತು. ಈ ಹೂವಿನ ಬಳಗ ಬಲು ದೊಡ್ಡದಂತೆ, ಬಹುಪಾಲು ತಣ್ಣನೆಯ ಸೀಮೆಯವು. ನಮ್ಮ ಕೆಮ್ಮಣ್ಣಿನಲ್ಲಿ ಒಂದಷ್ಟು ಮೊಳೆತು, ಬಿಸಿಲೇರುತ್ತಲೇ ಮಲಗುತ್ತಿದ್ದವು. ಉಳಿದ ಒಂದೆರಡರಿಂದ ಅವಳು ಮತ್ತೆ ಡಬ್ಬಿ ತುಂಬಿಕೊಳ್ಳುತ್ತಿದ್ದಳು. ಊಟಿಯಲ್ಲಿ ಅವಳವರೆಂದು ಯಾರೂ ಉಳಿದಿರಲಿಲ್ಲ. ಡಬ್ಬಿಯೇ ತವರು.

ಅವಳು ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದ ವರ್ಷ ಉಳಿದದ್ದು ಒಂದೇ ಗಿಡ, ಅದರಲ್ಲಿ ಒಂದೇ ಹೂವು. ಕಿಟಕಿಯಿಂದ ಕಾಣಲೆಂದು ಕುಂಡವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟೆ.

"ಅದನ್ನ ಬೀಜಕ್ಕೆ ಬಿಡಿ," ಎಂದಳು. "ನಾನಿದ್ರೂ ಇಲ್ದಿದ್ರೂ ಬರೋ ವರ್ಷ ಒಂದು ಗಿಡ ಇರ್ಲಿ."

ಮರುದಿನ ಬೆಳಿಗ್ಗೆ ಕುಂಡವಿತ್ತು, ಹೂವಿರಲಿಲ್ಲ. ಅಪರೂಪದ ನೀಲಿ ಹೂವು ಸಿಕ್ಕಿತೆಂದು ಶಾಮಣ್ಣನವರು ಸಂಭ್ರಮದಿಂದ ದೇವರ ತಲೆಯ ಮೇಲಿಟ್ಟಿದ್ದರು. ಅದು ಬೀಜಕ್ಕೆ ಬಿಟ್ಟದ್ದೆಂದು ನಾನು ಅವರ ಮನೆಗೆ ಹೋಗಿ ಹೇಳಿದಾಗ ಅವರ ಮುಖ ಬಿಳುಚಿಕೊಂಡಿತು. ಪೂಜೆ ಮುಗಿಸಿ ಹೂವನ್ನು ಪ್ರಸಾದವೆಂದು ತಟ್ಟೆಯಲ್ಲಿ ತಂದರು. ಪದ್ಮ ಕಣ್ಣಿಗೊತ್ತಿಕೊಂಡು ಮುಡಿದಳು. ಅವರಿಗೆ ಕಾಫಿ ಕೊಡಲು ನನಗೆ ಹೇಳಿದಳು. ಅವರು ಹೋದ ಮೇಲೆ ಗೋಡೆಯ ಕಡೆ ತಿರುಗಿ ಅತ್ತಳು. ನನಗೆ ಸಿಟ್ಟು ಉಕ್ಕಿತು. ಆದರೆ ನಡುವೆ ದೇವರಿದ್ದ, ಬಯ್ಯುವುದಾದರೂ ಯಾರನ್ನು?

ಯುಗಾದಿಗೆ ಮೊದಲೇ ಅವಳು ಹೋದಳು. ಡಬ್ಬಿಯಲ್ಲಿ ಏನೂ ಇರಲಿಲ್ಲ.

ಆಮೇಲೆ ಶಾಮಣ್ಣನವರು ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿ ನಡೆದುಬಿಡುತ್ತಿದ್ದರು. ಗೇಟಿನ ಪಕ್ಕದ ನಂದಿಬಟ್ಟಲು ಅರಳಿ ಅರಳಿ ನೆಲದ ಪಾಲಾಗುತ್ತಿತ್ತು. ಅದನ್ನು ನೋಡಲಾರದೆ ಒಂದು ದಿನ ನಾನೇ ಕರೆದೆ: "ಕಿತ್ಕೊಳ್ಳಿ ಸಾರ್. ಇಲ್ಲಿ ಪೂಜೆ ಮಾಡೋರು ಯಾರೂ ಇಲ್ಲ."

ಈಗ ದಿನವೂ ಬರುತ್ತಾರೆ. ಬುಟ್ಟಿ ತುಂಬಿದರೂ ತುಂಬದಿದ್ದರೂ ಗಿಡದಲ್ಲಿ ಒಂದು ಹೂವು ಬಿಟ್ಟೇ ಹೋಗುತ್ತಾರೆ. ಏಕೆಂದು ಕೇಳಿದೆ.

"ಬೀಜಕ್ಕಿರ್ಲಿ," ಎಂದರು, ನನ್ನ ಮುಖ ನೋಡದೆ.

ನಂದಿಬಟ್ಟಲು ಕಡ್ಡಿ ನೆಟ್ಟರೆ ಬರುವ ಗಿಡ. ನಮ್ಮದು ಒಂದು ದಿನವೂ ಬೀಜ ಕಟ್ಟಿದ್ದಿಲ್ಲ. ಅವರಿಗೆ ಅದನ್ನು ನಾನು ಇನ್ನೂ ಹೇಳಿಲ್ಲ.