ಎನಿಡ್ ಪೆಂಗೆಲಿಯ ಒಂಬತ್ತೂಮುಕ್ಕಾಲು

ಕಡೀನಾ ಊರಿನ ಔಷಧಿ ಅಂಗಡಿಯಲ್ಲಿ ಹನ್ನೊಂದು ವರ್ಷ ದ್ರಾವಣ ಅಳೆದ ಕೈ ಎನಿಡ್ ಪೆಂಗೆಲಿಯದು. ಅಳತೆಯ ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರೆ ಅರ್ಧ ಹನಿಯೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಗಂಡ ಗಾರ್ತ್ ಅದೇ ಬೀದಿಯ ಕೊನೆಯಲ್ಲಿ ಎಂಜಿನ್ ಶೆಡ್ ನಡೆಸುತ್ತಿದ್ದ. ನಲವತ್ತೈದು ದಾಟುತ್ತಿದ್ದಂತೆ ಅವನ ನೋಟ ಅಂಚುಗಳಿಂದ ಮಸುಕಾಗುತ್ತ ಬಂತು. ಒಂದು ಬೆಳಿಗ್ಗೆ ತಿರುಗುತ್ತಿದ್ದ ಮಷಿನ್ನಿಗೆ ಬೆರಳು ಕೊಡುವುದರಲ್ಲಿದ್ದವನನ್ನು ಎನಿಡ್ ತೋಳು ಹಿಡಿದು ಎಳೆದಳು. ಮರುದಿನವೇ ಔಷಧಿ ಅಂಗಡಿಯ ಕೆಲಸ ಬಿಟ್ಟಳು.

"ನೀನು ಹೇಳು, ನಾನು ಮಾಡ್ತೀನಿ," ಎಂದಳು. ಗಾರ್ತ್ ಹೇಳಿದ, ಅವಳು ಮಾಡಿದಳು. ಐದು ವರ್ಷ ಕಳೆಯುವಷ್ಟರಲ್ಲಿ ಹೇಳುವ ಅಗತ್ಯವೇ ಉಳಿಯಲಿಲ್ಲ. ಆದರೂ ಶೆಡ್ಡಿಗೆ ಬಂದವರು ಅವಳನ್ನು ದಾಟಿಕೊಂಡು ಹೋಗಿ ಗಾರ್ತ್‌ನ ಮುಂದೆಯೇ ನಿಲ್ಲುತ್ತಿದ್ದರು.

೧೯೭೮ರ ಜನವರಿಯಲ್ಲಿ ರಸ್ಸೆಲ್ ಹಾಕಿಂಗ್ ಬಂದಾಗಲೂ ಹಾಗೆಯೇ ಆಯಿತು. ಅವನು ಪೋರ್ಟ್ ಹ್ಯೂಸಿನ ಮೀನುಗಾರ. ಹೆಗಲ ಮೇಲೆ ತನ್ನ ಹೋಲ್ಡನ್ ಕಾರಿನ ಆರು ಸಿಲಿಂಡರ್ ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳನ್ನು ಮೇಲಿಂದ ಮುಚ್ಚುವ ಲೋಹದ ದಿಮ್ಮಿಯನ್ನು ಹೊತ್ತು ತಂದಿದ್ದ. ಅವನ ಭಾವನ ಎಂಟು ಸಿಲಿಂಡರಿನ ಕಾರು ಕುಲ್ಪಾರಾದ ಏರನ್ನು ಗೇರ್ ಇಳಿಸದೆ ಹತ್ತುತ್ತಿತ್ತು. ಇವನ ಕಾರು ಅರ್ಧಕ್ಕೇ ಏದುಸಿರು ಬಿಡುತ್ತಿತ್ತು.

"ಗಾರ್ತ್, ಇದರ ತಳ ಎರಡು ಮಿಲಿಮೀಟರ್ ತೆಗೆದ್ಬಿಡು. ಕಂಪ್ರೆಷನ್ ಚೆನ್ನಾಗಿ ಏರಲಿ," ಎಂದ ರಸ್ಸೆಲ್.

"ತೆಗೆಯೋಳು ಅವಳು. ಅವಳನ್ನ ಕೇಳು," ಎಂದ ಗಾರ್ತ್.

ರಸ್ಸೆಲ್ ತಿರುಗಿ ನೋಡಿದ. ಎನಿಡ್ ಆಗಲೇ ಹೆಡ್ಡನ್ನು ಬೋರಲು ಹಾಕಿ ಮೈ ಸವರುತ್ತಿದ್ದಳು.

"ಎರಡು ಯಾಕೆ?"

"ಜಾಸ್ತಿ ತೆಗೆದಷ್ಟೂ ಜಾಸ್ತಿ ಶಕ್ತಿ ಅಲ್ವಾ, ಮಿಸೆಸ್ ಪೆಂಗೆಲಿ? ಜಾಗ ಚಿಕ್ಕದಾದಷ್ಟೂ ಹೊಡೆತ ಜೋರು."

"ಒಂದು ಹದದವರೆಗೆ ನಿಜ. ಆಮೇಲೆ ಕಿಡಿ ಹಾರೋದನ್ನೂ ಕಾಯದೆ ಪೆಟ್ರೋಲು ತಾನಾಗೇ ಸಿಡಿಯತ್ತೆ, ಪಿಸ್ಟನ್ ತೂತಾಗತ್ತೆ. ಈ ಹೆಡ್ ಮೊದಲು ಯಾರೋ ಕೆರೆದಿದಾರಲ್ಲ?"

"ನನಗೆ ಗೊತ್ತಿಲ್ಲ. ಕೊಂಡಾಗಲೇ ಹಾಗಿತ್ತು. ಮಷಿನ್ನಲ್ಲಿ ಕೆರೆಯೋದು ಅಂದ್ರೆ ಅಡುಗೆಮನೆ ಲೆಕ್ಕ ಅಲ್ಲ, ಮಿಸೆಸ್ ಪೆಂಗೆಲಿ."

"ಅಲ್ಲ. ಅಡುಗೆಯಲ್ಲಿ ಕಣ್ಣಳತೆ ನಡಿಯತ್ತೆ. ಬಾ ಇಲ್ಲಿ."

ಹೆಡ್ಡಿನ ತಳದಲ್ಲಿ ಸಿಲಿಂಡರಿಗೊಂದರಂತೆ ಇದ್ದ ಆರು ಕುಳಿಗಳಲ್ಲಿ ಒಂದರ ಮೇಲೆ ಅವಳು ತೂತಿನ ಪಾರದರ್ಶಕ ಹಲಗೆ ಕೂರಿಸಿ, ಕೆಂಪು ಬಣ್ಣ ಬೆರೆಸಿದ ಸೀಮೆಎಣ್ಣೆಯ ಕೊಳವೆಯನ್ನು ಅವನ ಕೈಗೇ ಕೊಟ್ಟಳು. "ಗುಳ್ಳೆ ಉಳೀಬಾರದು. ತುಂಬಿದ ತಕ್ಷಣ ನಿಲ್ಲಿಸಿ ಎಷ್ಟಾಯ್ತು ಓದು."

ಬಲೆ ಎಳೆದು ದಪ್ಪವಾದ ಬೆರಳುಗಳಲ್ಲಿ ರಸ್ಸೆಲ್ ಉಸಿರು ಬಿಗಿಹಿಡಿದು ಹನಿಸಿದ. ಮೊದಲ ಕುಳಿ, ಎರಡನೆಯದು, ಹೀಗೆ ಆರೂ ಮುಗಿದಾಗ ಅವನ ಕತ್ತಿನ ಮೇಲೆ ಬೆವರು. ಮುಂಬದಿಯ ಕುಳಿ ಹಿಂಬದಿಯದಕ್ಕಿಂತ ಎರಡು ಮಿಲಿಲೀಟರ್ ಕಡಿಮೆ ಹಿಡಿದಿತ್ತು. ಹಿಂದೆ ಕೆರೆದವರು ಯಾರೋ ಓರೆಯಾಗಿ ಕೆರೆದಿದ್ದರು.

ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಅದುಮಿಕೊಳ್ಳುತ್ತದೆ ಎಂಬ ಲೆಕ್ಕವನ್ನು ಎನಿಡ್ ಗೋಡೆಯ ಸ್ಲೇಟಿನ ಮೇಲೆ ಬರೆದಳು. "ನೀನು ಹೇಳಿದಷ್ಟು ತೆಗೆದರೆ ಮುಂಬದಿಯ ಸಿಲಿಂಡರಿನ ಕಂಪ್ರೆಷನ್ ಹನ್ನೊಂದು ಪಟ್ಟಿನ ಹತ್ತಿರ ಹೋಗತ್ತೆ. ಬಂಕಿನ ಪೆಟ್ರೋಲು ಅದನ್ನ ತಡೆಯಲ್ಲ. ನಾನು ಆರಕ್ಕೂ ಒಂಬತ್ತೂಮುಕ್ಕಾಲು ಕೊಡ್ತೀನಿ. ಬೇಡ ಅಂದ್ರೆ ಹೊತ್ಕೊಂಡು ಹೋಗು."

ರಸ್ಸೆಲ್ ಗಾರ್ತ್‌ನ ಕಡೆ ನೋಡಿದ. ಗಾರ್ತ್ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ಪೇಸ್ಟಿಯ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡ.

"ಇರಲಿ ಬಿಡಿ," ಎಂದ ರಸ್ಸೆಲ್.

ನಾಲ್ಕು ದಿನ ಹಿಡಿಯಿತು. ಹಿಂಬದಿ ಹೆಚ್ಚು, ಮುಂಬದಿ ಕಡಿಮೆ ತೆಗೆದು ಅವಳು ಓರೆಯನ್ನು ಸರಿಮಾಡಿದಳು. ಉಳಿದ ಹನಿಯಷ್ಟು ವ್ಯತ್ಯಾಸವನ್ನು ಕೈಯಲ್ಲೇ ಉಜ್ಜಿ ನೀಗಿಸಿದಳು. ಹೆಡ್ ತಗ್ಗಿದ್ದರಿಂದ ವಾಲ್ವ್ ಎತ್ತುವ ಸರಳುಗಳನ್ನೂ ಅಷ್ಟೇ ಮೋಟು ಮಾಡಿದಳು.

ಹೆಡ್ಡನ್ನು ಕಾರಿಗೆ ಕೂರಿಸಿದ ಮೇಲೆ ಪರೀಕ್ಷೆಗೆ ಎನಿಡ್ ಬೇಕೆಂದೇ ಉರಿಬಿಸಿಲಿನ ಮಧ್ಯಾಹ್ನವನ್ನು ಆರಿಸಿದಳು. ಎಂಜಿನ್ ತಡವರಿಸುವುದಿದ್ದರೆ ಅಂಥ ದಿನವೇ ತಡವರಿಸುತ್ತದೆ. ರಸ್ಸೆಲ್ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ಗಾರ್ತ್ ಕೂತ, ಹಿಂದಿನ ಸೀಟಿನಲ್ಲಿ ಎನಿಡ್ ಮತ್ತು ಭಾರಕ್ಕೆಂದು ಮೂರು ಮೂಟೆ ಬಾರ್ಲಿ. ಕುಲ್ಪಾರಾದ ಏರು ಶುರುವಾಯಿತು. ಕಾರು ಟಾಪ್ ಗೇರಿನಲ್ಲೇ ಎಳೆಯಿತು. ಅರ್ಧ ದಾರಿಯಲ್ಲಿ ಗಾರ್ತ್ ಬೆರಳೆತ್ತಿದ.

"ಎನಿಡ್, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದ ಹಾಗೆ. ಕೇಳಿಸ್ತಾ?"

"ಕೇಳಿಸ್ತು. ರಸ್ಸೆಲ್, ನಿಲ್ಲಿಸು."

ರಸ್ಸೆಲ್‌ನ ಮುಖ ಸಣ್ಣದಾಯಿತು. "ಹಾಗಾದ್ರೆ ನಿಮ್ಮ ಒಂಬತ್ತೂಮುಕ್ಕಾಲೂ ಜಾಸ್ತಿ ಆಯ್ತು."

"ಅದು ಸರಿಯಾಗೇ ಇದೆ. ಕಿಡಿ ಕೂದಲೆಳೆಯಷ್ಟು ಬೇಗ ಹಾರ್ತಿದೆ." ಅವಳ ದನಿ ಒಂದಿಷ್ಟೂ ಕದಲಿರಲಿಲ್ಲ. ಬಾನೆಟ್ ಎತ್ತಿ, ಬಟ್ಟೆ ಸುತ್ತಿದ ಕೈಯಿಂದ ಕಿಡಿಯ ಹೊತ್ತು ನಿರ್ಧರಿಸುವ ಡಿಸ್ಟ್ರಿಬ್ಯೂಟರನ್ನು ಎರಡು ಡಿಗ್ರಿ ಹಿಂದಕ್ಕೆ ತಿರುಗಿಸಿ ಬಿಗಿದಳು. "ಕೆಳಗೆ ಹೋಗಿ ಮತ್ತೆ ಬಾ."

ಎರಡನೆಯ ಸಲ ಗಾರ್ತ್ ಕಣ್ಣು ಮುಚ್ಚಿ ಕೂತ. ಬೆರಳು ಮೇಲೇಳಲಿಲ್ಲ. ಕಾರು ನೆತ್ತಿ ತಲುಪಿದಾಗಲೂ ವೇಗ ಏರುತ್ತಲೇ ಇತ್ತು. ರಸ್ಸೆಲ್ ರಸ್ತೆಯ ಅಂಚಿಗೆ ನಿಲ್ಲಿಸಿ ಹಿಂದಿನ ಸೀಟಿನ ಕಡೆ ತಿರುಗಿದ.

"ಅಡುಗೆಮನೆ ಅಂದಿದ್ದು ತಪ್ಪಾಯ್ತು, ಮಿಸೆಸ್ ಪೆಂಗೆಲಿ."

"ಎನಿಡ್ ಅನ್ನು. ಸಾವಿರ ಕಿಲೋಮೀಟರ್ ಆದ್ಮೇಲೆ ತಗೊಂಡು ಬಾ, ಬೋಲ್ಟು ಬಿಗೀಬೇಕು."

ಅವನು ಬಂದ. ಜೊತೆಗೆ ಭಾವನನ್ನೂ ಕರೆತಂದ, ಭಾವ ತನ್ನ ಎಂಟು ಸಿಲಿಂಡರ್ ಎಂಜಿನ್ನಿನ ಎರಡೂ ಹೆಡ್‌ಗಳನ್ನು ತಂದಿದ್ದ. ಆ ಭಾವ ಬಾಗಿಲಿಂದ ನೇರವಾಗಿ ಬಂದು ಎನಿಡ್‌ಳ ಮುಂದೆ ನಿಂತ. ಅಂದು ಗಾರ್ತ್ ಮನೆಗೆ ನಡೆದು ಹೋಗುವಾಗ ಸಿಳ್ಳೆ ಹಾಕುತ್ತಿದ್ದನಂತೆ.

ಮರುವರ್ಷ ಪಕ್ಕದ ವಾಲರೂ ಊರಲ್ಲಿ ಶನಿವಾರದ ಮೆಕ್ಯಾನಿಕ್ ತರಗತಿ ಶುರುವಾಯಿತು. ಕಲಿಸಲು ಕರೆ ಬಂದಿದ್ದು ಗಾರ್ತ್‌ಗೆ, ಹೋದದ್ದು ಎನಿಡ್. ಹದಿನಾಲ್ಕು ಜನ ಗಂಡಸರು ಅವಳ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದರು. ಒಬ್ಬ ಕೇಳಿಯೂ ಬಿಟ್ಟ, "ಮಿಸ್ಟರ್ ಪೆಂಗೆಲಿ ಯಾವಾಗ ಬರ್ತಾರೆ?"

"ಬರಲ್ಲ. ಮನೇಲಿ ಪೇಸ್ಟಿ ಬೇಯಿಸ್ತಿದಾರೆ," ಎಂದು ಎನಿಡ್ ಕೋಟು ಬಿಚ್ಚಿ ಮೊಳೆಗೆ ತೂಗುಹಾಕಿದಳು. "ನೀವು ಆ ಹೆಡ್ ಬಿಚ್ಚಿ."

ಆ ತರಗತಿಯನ್ನು ಅವಳು ಹನ್ನೆರಡು ವರ್ಷ ನಡೆಸಿದಳು.